ಕೆಂಪು ಗುರುತು ಬಿದ್ದವರು

ಡಾಕ್ಟರ ಅಳಿಯನಿಗೆ ನಾನು ಇಟ್ಟ ಹೆಸರು ಕ್ಲಿಕ್ಕಪ್ಪ. ಎದುರಿಗೆ ‘ಸರ್’ ಅನ್ನುತ್ತಿದ್ದೆ, ಬೆನ್ನು ತಿರುಗಿದ ಮೇಲೆ ಕ್ಲಿಕ್ಕಪ್ಪ. ಇಷ್ಟು ಕ್ಲಿಕ್ ಬಂತು, ಅಷ್ಟು ಕ್ಲಿಕ್ ಹೋಯಿತು ಅಂತ ದಿನವಿಡೀ ಅದೇ ಜಪ. ನನ್ನ ತಂಗಿಯ ಬಲಗಣ್ಣು ಹೋದ ಕಥೆ ಹೇಳಬೇಕಾದರೆ ಅವನಿಂದಲೇ ಶುರು ಮಾಡಬೇಕು. ಅವನನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಉರಿದರೆ ಉರಿಯಲಿ.

ಆ ಕಣ್ಣಿನ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳು ನಾನು. ಎದುರಿಗೆ ಹನ್ನೊಂದು ಕುರ್ಚಿ, ಅದರಲ್ಲಿ ಒಂದರ ಕಾಲು ಕುಂಟು. ನನ್ನ ತಲೆಯ ಮೇಲೆ ದೊಡ್ಡ ಗೋಡೆ ಗಡಿಯಾರ. ನಮ್ಮ ಡಾಕ್ಟರು ಮಾಡುತ್ತಿದ್ದದ್ದು ಮೂರೇ ಕೆಲಸ: ಕನ್ನಡಕದ ನಂಬರ್ ನೋಡುವುದು, ಪೊರೆ ತೆಗೆಯುವುದು, ಕನ್ನಡಕ ಬಿಡಿಸುವ ಲೇಸರ್. ಕಣ್ಣಿನ ಹಿಂಭಾಗದ ಆಪರೇಷನ್ ನಮ್ಮಲ್ಲಿಲ್ಲ. ಅದಕ್ಕೆ ಸೇತುವೆ ದಾಟಿ ದೊಡ್ಡಾಸ್ಪತ್ರೆಗೇ ಹೋಗಬೇಕು.

ನನ್ನ ಮೇಜಿನ ಮೇಲೆ ಒಂದು ಉದ್ದನೆಯ ಪುಸ್ತಕ ಇರುತ್ತಿತ್ತು. ಫೋನ್ ಮಾಡಿದವರಿರಲಿ, ಬಾಗಿಲಿಗೆ ಬಂದವರಿರಲಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದೆ. ‘ಮರಳು ಬಿದ್ದ ಹಾಗಿದೆ.’ ‘ಓದೋಕೆ ಕೂತರೆ ಅಕ್ಷರ ಕುಣಿಯುತ್ತೆ.’ ನಾನು ಸೇರಿದ ಮೊದಲನೇ ವರ್ಷ ಶಾಲೆಯೊಂದರ ಗುಮಾಸ್ತರು ‘ಕಣ್ಣೊಳಗೆ ಮಿಂಚು ಹೊಡೀತಿದೆ’ ಅಂತ ಬಂದು ಎರಡು ಗಂಟೆ ಸರದಿಯಲ್ಲಿ ಕೂತಿದ್ದರು. ಆ ಕಣ್ಣು ಉಳಿಯಲಿಲ್ಲ. ಮರುದಿನ ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದರು. ಹಠಾತ್ತಾಗಿ ಮಿಂಚು ಕಂಡರೆ, ಮಸಿ ಉದುರಿದಂತೆ ಚುಕ್ಕೆ ಸುರಿದರೆ, ಒಂದು ಮೂಲೆಯಿಂದ ಪರದೆ ಎಳೆದಂತಾದರೆ, ಅಂಥ ಮಾತಿನ ಮುಂದೆ ಕೆಂಪು ಗುರುತು ಹಾಕಬೇಕು.

“ಕೆಂಪು ಬಿದ್ದವರನ್ನ ಕೂರಿಸಬೇಡ. ನನ್ನನ್ನೂ ಕೇಳಬೇಡ. ಸೀದಾ ದೊಡ್ಡಾಸ್ಪತ್ರೆಗೆ ಕಳಿಸು,” ಅಂದರು.

ಕಳಿಸಿದೆ. ಬೈಸಿಕೊಂಡೂ ಕಳಿಸಿದೆ. ಹೆದರಿ ಅಳುವವರಿಗೆ ಫೋನಿನಲ್ಲಿ, “ಹೆದರೋದು ಆಮೇಲೆ, ಮೊದಲು ಹೊರಡಿ” ಅಂತ ಗದರಿಸಿ ಕಳಿಸಿದೆ. ಆ ಮಾತು ನನ್ನ ಬಾಯಿಗೆ ಎಷ್ಟು ಅಂಟಿಕೊಂಡಿತ್ತೆಂದರೆ ಮನೆಯಲ್ಲೂ ಅದನ್ನೇ ಹೇಳುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಕೆಂಪು ಬಿದ್ದ ಒಬ್ಬರನ್ನೂ ನಾನು ಆ ಕುರ್ಚಿಗಳಲ್ಲಿ ಕೂರಿಸಿರಲಿಲ್ಲ. ಅದು ನನ್ನ ಹೆಮ್ಮೆ. ಜಂಬ ಅಂತ ಬೇಕಾದರೂ ಅನ್ನಿ.

ಇನ್ನು ನನ್ನ ತಂಗಿ. ಎರಡು ಬೀದಿ ಆಚೆ ನಮ್ಮಪ್ಪ ಬಿಟ್ಟುಹೋದ ಗಡಿಯಾರ ರಿಪೇರಿ ಅಂಗಡಿ ಅವಳದು. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ, ಅಷ್ಟೇ ಅಗಲ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಳೆಂದರೆ ಎಳ್ಳಿಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಎತ್ತಿ ಅದರ ಜಾಗದಲ್ಲಿ ಇಡುತ್ತಾಳೆ. ಎಡಗಣ್ಣು ಹುಟ್ಟಿನಿಂದ ಸ್ವಲ್ಪ ಮಂಕು. ಕನ್ನಡಕದ ನಂಬರ್ ಮೈನಸ್ ಹನ್ನೆರಡು. ಅಷ್ಟು ನಂಬರ್ ಇರುವವರ ಕಣ್ಣಿನ ಹಿಂದಿನ ಪದರ ತೆಳ್ಳಗಿರುತ್ತದೆ, ಹರಿಯುವ ಭಯ ಹೆಚ್ಚು, ವರ್ಷಕ್ಕೊಮ್ಮೆ ತೋರಿಸಿಕೋ ಅಂತ ಬಡಕೊಂಡೆ. ಕೇಳಿದರೆ ತಾನೆ! ಒಂದು ದಿನ ಅವಳ ಅಂಗಡಿಯಲ್ಲಿ, ಮೂವರು ಗಿರಾಕಿಗಳ ಎದುರಿಗೆ ನನ್ನ ನಾಲಿಗೆ ಜಾರಿತು.

“ತನ್ನ ಕಣ್ಣೇ ಸರಿ ಇಟ್ಕೊಳ್ಳದವಳು ಊರವರ ಗಡಿಯಾರ ಏನು ಸರಿ ಮಾಡ್ತೀಯೇ?”

ಒಬ್ಬ ಗಿರಾಕಿ ತನ್ನ ವಾಚನ್ನು ಮೆಲ್ಲಗೆ ವಾಪಸು ತೆಗೆದುಕೊಂಡು ಹೋದ. ತಂಗಿ ಭೂತಗನ್ನಡಿ ತೆಗೆದು ನನ್ನನ್ನೇ ನೋಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆವತ್ತಿನಿಂದ ಎಂಟು ತಿಂಗಳು ಅವಳು ನನ್ನೊಡನೆ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಹಠದಲ್ಲಿ ನಾವಿಬ್ಬರೂ ಅಪ್ಪನ ಮಕ್ಕಳೇ.

ಈ ಎಂಟು ತಿಂಗಳ ಕೊನೆಗೇ ಕ್ಲಿಕ್ಕಪ್ಪ ಕ್ಲಿನಿಕ್ಕಿಗೆ ಕಾಲಿಟ್ಟದ್ದು. ಬೇರೆಲ್ಲೋ ಸೋಪು ಮಾರುವ ಕಂಪನಿಯಲ್ಲಿದ್ದನಂತೆ. ಮಾವನ ಕ್ಲಿನಿಕ್ಕನ್ನು ‘ಬೆಳೆಸುತ್ತೇನೆ’ ಅಂತ ಬಂದ. ಬಂದವನೇ ಡಾಕ್ಟರ ಎದುರಿಗೂ ನನ್ನ ಎದುರಿಗೂ ಒಂದು ಭಾಷಣ ಮಾಡಿದ.

“ಈಗ ಜನ ಡಾಕ್ಟರನ್ನ ಕೇಳಲ್ಲ ಮಾವ, ಮೊಬೈಲಲ್ಲಿ ಚಾಟ್‌ಬಾಟ್ ಕೇಳ್ತಾರೆ. ಅದು ಉತ್ತರ ಹೇಳುತ್ತೆ. ಈಗ ಆ ಉತ್ತರದ ಕೆಳಗೆ ಜಾಗ ಕೊಡೋಕೆ ಶುರು ಮಾಡಿದಾರೆ. ಅಲ್ಲಿ ನಮ್ಮ ಹೆಸರು ಬರಬೇಕು. ಮುಂಚೆ ಜನ ಬರೀ ಹುಡುಕ್ತಿದ್ರು, ಈಗ ಹೇಳ್ಕೋತಾರೆ. ಗಂಡನಿಗೂ ಹೇಳದ್ದನ್ನ ಅದರ ಹತ್ರ ಹೇಳ್ಕೋತಾರೆ. ಆ ಹೊತ್ತಲ್ಲಿ ನಾವು ಪಕ್ಕದಲ್ಲಿ ಇರಬೇಕು.”

“ಅಂದ್ರೆ, ಕಷ್ಟ ಹೇಳಿಕೊಳ್ಳೋರ ಪಕ್ಕ ಅಂಗಡಿ ಹಾಕೋದು. ಜಾಹೀರಾತು ಅನ್ನಿ,” ಅಂದೆ.

“ಜಾಹೀರಾತಲ್ಲ ಅಕ್ಕ, ಸಲಹೆ.”

“ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು.”

ಡಾಕ್ಟರು ನಕ್ಕರು. ಅವನು ನಗಲಿಲ್ಲ. ಜನ ತಮ್ಮ ತೊಂದರೆಯನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಅನ್ನುವುದು ಗೊತ್ತಾದರೆ ಆ ಮಾತುಗಳಿಗೇ ಗಾಳ ಹಾಕಬಹುದು ಅಂದ. ಡಾಕ್ಟರು ನನ್ನ ಕಡೆ ಕೈ ತೋರಿಸಿ, “ಅದೆಲ್ಲ ಇವರ ಪುಸ್ತಕದಲ್ಲಿದೆ. ಇವರನ್ನ ಬಿಟ್ರೆ ಇಲ್ಲ” ಅಂದರು.

ಇಲ್ಲಿ ಸತ್ಯ ಹೇಳಬೇಕು. ನಾನು ಉಬ್ಬಿಹೋದೆ. ಯಾರೂ ಕೇಳದ ಪುಸ್ತಕವನ್ನು ಸೂಟು ಹಾಕಿದವನೊಬ್ಬ ಎರಡು ಕೈಯಲ್ಲಿ ಇಸಿದುಕೊಂಡ. ಪುಟ ಪುಟದ ಫೋಟೊ ತೆಗೆದುಕೊಂಡ. ಅಷ್ಟರಲ್ಲಿ ಯಾರಿಗೋ ಫೋನಿನಲ್ಲಿ ನಾನು ಗದರಿಸಿದ್ದು ಕೇಳಿ, “ಹೆದರೋದು ಆಮೇಲೆ! ಅಬ್ಬಾ, ಎಂಥ ಲೈನ್ ಅಕ್ಕ ಇದು!” ಅಂತ ಬರೆದುಕೊಂಡ. ನಾನು ಚಹಾ ತರಿಸಿ ಕೊಟ್ಟೆ. ಕೆಂಪು ಗುರುತು ಏನು ಅಂತ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಕ್ಲಿನಿಕ್ಕಿನಲ್ಲಿ ಕಸ ಗುಡಿಸುವವಳಿಗೂ ಅದು ಗೊತ್ತಿತ್ತು. ಸ್ವಂತ ಅಡುಗೆಮನೆಯ ಡಬ್ಬಿಯ ಮೇಲೆ ಉಪ್ಪು ಅಂತ ಯಾರು ಬರೆದಿಡುತ್ತಾರೆ?

ಮರುವಾರವೇ ನನ್ನ ಮೇಜಿನ ಫೋನ್ ಹೋಯಿತು. ಅದರ ಜಾಗಕ್ಕೆ ಟ್ಯಾಬ್ ಬಂತು. ಅದರಲ್ಲಿ ಹೆಸರು ಮತ್ತು ಸಮಯ, ಅಷ್ಟೇ. ತೊಂದರೆ ಏನು ಅನ್ನುವುದೆಲ್ಲ ಅವನ ಕಂಪ್ಯೂಟರಿಗೆ ಹೋಗುತ್ತಿತ್ತು.

“ನೀವಿನ್ನು ಯಾರನ್ನೂ ಏನೂ ಕೇಳಬೇಕಿಲ್ಲ ಅಕ್ಕ, ಎಲ್ಲಾ ಅವರೇ ತುಂಬಿರ್ತಾರೆ. ಹೊಸಬರೆಲ್ಲ ಶುಕ್ರವಾರ ಬರ್ತಾರೆ. ನೀವು ಆರಾಮಾಗಿ ನಗ್ತಾ ಇರಿ.”

ನಾನು ನಗಲಿಲ್ಲ. ಕೇಳಬೇಡ ಅಂದೆಯಲ್ಲ, ಸರಿ, ಕೇಳುವುದಿಲ್ಲ ಹೋಗು ಅಂತ ಮುಖ ಊದಿಸಿಕೊಂಡು ಕೂತೆ. ಕೋಪ ಯಾರ ಮೇಲೋ, ಪೆಟ್ಟು ಯಾರಿಗೋ.

ಮೊದಲ ಶುಕ್ರವಾರ ಬಂತು. ಹತ್ತೂವರೆಗೆಲ್ಲ ಕುರ್ಚಿಗಳು ತುಂಬತೊಡಗಿದವು. ಕ್ಲಿಕ್ಕಪ್ಪ ಒಳಗೆ ಡಾಕ್ಟರಿಗೆ ಹೊಸ ಬಿಳಿ ಕೋಟು ತೊಡಿಸಿ ಫೋಟೊ ತೆಗೆಸುತ್ತಿದ್ದ. ನಾನು ಟ್ಯಾಬಿನಲ್ಲಿ ಬಂದವರ ಹೆಸರು ಒತ್ತುತ್ತಿದ್ದೆ, ಮುಂದೆ ಯಾರಿದ್ದಾರೆ ಅಂತ ನೋಡುವ ಗೋಜಿಗೂ ಹೋಗಿರಲಿಲ್ಲ. ಬಾಗಿಲು ತೆರೆಯಿತು. ತಲೆಯೆತ್ತಿದರೆ ನನ್ನ ತಂಗಿ.

ಎದೆ ಧಸಕ್ಕೆಂದಿತು. ಸಂತೋಷಕ್ಕೆ, ಸುಳ್ಳು ಯಾಕೆ ಹೇಳಲಿ! ಕೊನೆಗೂ ಬಂದಳು, ಸೋತು ಬಂದಳು ಅನ್ನಿಸಿತು. ಮೇಜಿನ ಮುಂದೆ ನಿಂತು ನನ್ನ ಮುಖ ನೋಡಿದಳು. ನಾನೇ ಮೊದಲು ಮಾತಾಡಲಿ ಅಂತ ಕಾಯುತ್ತಿದ್ದಾಳೆ ಅಂತ ಗೊತ್ತಾಯಿತು. ಎಂಟು ತಿಂಗಳು ಕಾಯಿಸಿದವಳು ಇನ್ನೂ ಸ್ವಲ್ಪ ಕಾಯಲಿ ಅನ್ನಿಸಿತು.

“ಕೂತ್ಕೊಳ್ಳಿ,” ಅಂದೆ.

ಒಡಹುಟ್ಟಿದವಳಿಗೆ ‘ಕೂತ್ಕೊಳ್ಳಿ’! ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ಹೋಗಿ ಆ ಕುಂಟು ಕುರ್ಚಿಯಲ್ಲಿ ಕೂತಳು. ನಾನು ತಲೆ ತಗ್ಗಿಸಿ ಬೇಡದ ಕಾಗದಗಳನ್ನು ಜೋಡಿಸತೊಡಗಿದೆ. ಆಗಾಗ ಓರೆಗಣ್ಣಿನಲ್ಲಿ ನೋಡಿದರೆ ಎಡಗಣ್ಣು ಮುಚ್ಚಿಕೊಂಡು ನನ್ನ ತಲೆಯ ಮೇಲೆ ಎಲ್ಲೋ ನೋಡುತ್ತಿದ್ದಳು. ಧಿಮಾಕು ನೋಡು, ನನ್ನ ಮುಖವನ್ನೂ ನೋಡಲಾರಳು ಅಂದುಕೊಂಡೆ.

ಕೊನೆಗೆ ಒಬ್ಬ ವ್ಯಾನ್ ಡ್ರೈವರ್ ಎದ್ದು ಬಂದ.

“ಅಕ್ಕ, ಬೇಗ ಆಗುತ್ತಾ? ಮೂರು ದಿನದಿಂದ ಕಣ್ಣೊಳಗೆ ಮಿಂಚು ಹೊಡೀತಿದೆ. ಗಾಡಿ ಓಡಿಸೋಕೆ ಭಯ ಆಗ್ತಿದೆ.”

ನನ್ನ ಕೈಯಲ್ಲಿದ್ದ ಕಾಗದ ಕೆಳಗೆ ಬಿತ್ತು. ಮೂರು ದಿನ! ಅವನ ಪಕ್ಕದಲ್ಲಿದ್ದ ಹೆಂಗಸನ್ನು ನಿಮಗೇನಮ್ಮಾ ಅಂತ ಕೇಳಿದೆ. ಮಸಿ ಉದುರಿದ ಹಾಗೆ ಚುಕ್ಕೆ ಅಂದಳು. ಅದರಾಚೆಯ ಮುದುಕರಿಗೂ ಮಿಂಚು. ಕುರ್ಚಿಯಿಂದ ಕುರ್ಚಿಗೆ ಹೋದೆ. ತಂಗಿಯನ್ನು ಬಿಟ್ಟು ಆರು ಜನರಲ್ಲಿ ನಾಲ್ವರ ಬಾಯಲ್ಲಿ ನನ್ನ ಪುಸ್ತಕದ ಕೆಂಪು ಸಾಲುಗಳೇ ಹೊರಟವು. ಕುಂಟು ಕುರ್ಚಿಯ ಮುಂದೆ ನಿಂತೆ.

“ನಿನಗೇನಾಯ್ತೇ?”

“ಸೋಮವಾರ ಬಲಗಣ್ಣಿನ ಮೂಲೇಲಿ ಪರದೆ ಎಳೆದ ಹಾಗಿತ್ತು. ಈಗ ನಡುಮಧ್ಯಕ್ಕೆ ಬಂದಿದೆ ಅಕ್ಕ.”

ಆಮೇಲೆ ನಾನು ಕೂಗಿದ ಕೂಗಿಗೆ ಡಾಕ್ಟರು ಹೊಸ ಕೋಟಿನಲ್ಲೇ ಓಡಿಬಂದರು. ಪಾಪ, ಅವರ ಮುಖ ಬೆಳ್ಳಗಾಯಿತು. ಐವರನ್ನೂ ಗಾಡಿಗಳಲ್ಲಿ ತುಂಬಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ತಂಗಿಯ ಜೊತೆ ನಾನೇ ಹೋದೆ. ದಾರಿಯುದ್ದಕ್ಕೂ ಅವಳ ಕೈ ಹಿಡಿದಿದ್ದೆ, ಅವಳು ಬಿಡಿಸಿಕೊಳ್ಳಲಿಲ್ಲ. ಅಲ್ಲಿಯ ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿದರು.

“ಗೋಡೆಗೆ ಅಂಟಿಸಿದ ಕಾಗದ ಒದ್ದೆಯಾಗಿ ಕಳಚಿಕೊಳ್ಳುತ್ತಲ್ಲ, ಹಾಗಾಗಿದೆ. ಸೋಮವಾರನೇ ಬಂದಿದ್ರೆ ಕಣ್ಣು ಪೂರ್ತಿ ಉಳೀತಿತ್ತು. ನಡುಭಾಗ ಕಳಚಿರೋದು ಇವತ್ತೇ. ನೇರ ನೋಟ ಇರೋದು ಅಲ್ಲೇ. ಆಪರೇಷನ್ ಮಾಡ್ತೀವಿ, ಆದರೆ ಮುಂಚಿನ ಹಾಗೆ ಆಗಲ್ಲ.”

ಹಾಗೇ ಆಯಿತು. ಆಪರೇಷನ್ ಆದ ಕಣ್ಣಿಗೆ ಬಾಗಿಲು ಕಾಣುತ್ತದೆ, ಚಿಲಕ ಕಾಣುವುದಿಲ್ಲ. ಗೆರೆಗಳೆಲ್ಲ ವಕ್ರ. ಆ ವ್ಯಾನ್ ಡ್ರೈವರ್ ಪುಣ್ಯವಂತ, ಬರೀ ಲೇಸರಿನಲ್ಲಿ ಪಾರಾದ. ಉಳಿದ ಮೂವರದೂ ಉಳಿಯಿತು. ಹೋದದ್ದು ನನ್ನ ತಂಗಿಯದು.

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಡಾಕ್ಟರೂ ಇದ್ದರು, ಕ್ಲಿಕ್ಕಪ್ಪನೂ ಇದ್ದ. ಹೇಗಿದ್ದಾರೆ ನಿಮ್ಮ ತಂಗಿ ಅಂತ ಕೂಡ ಕೇಳಲಿಲ್ಲ, ಮೊಬೈಲ್ ನನ್ನ ಮುಖದ ಮುಂದೆ ಹಿಡಿದ.

“ನೋಡಿ, ಸಿಟ್ಟು ಮಾಡ್ಕೋಬೇಡಿ. ಅವರು ಕೇಳಿರೋ ಥರಾನೇ ನಾನೂ ಕೇಳಿ ನೋಡಿದೆ. ಚಾಟ್‌ಬಾಟ್ ಸರಿಯಾಗೇ ಹೇಳಿದೆ. ತುರ್ತು, ಇವತ್ತೇ ಆಪರೇಷನ್ ಸೌಲಭ್ಯ ಇರೋ ಆಸ್ಪತ್ರೆಗೆ ಹೋಗಿ ಅಂತ ಇದೆ. ನಮ್ಮದು ಅದರ ಕೆಳಗೆ ಬೇರೆ ಪೆಟ್ಟಿಗೇಲಿದೆ. ಪ್ರಾಯೋಜಿತ ಅಂತ ಬರೆದೂ ಇದೆ. ನಾವೇನು ಕೈ ಹಿಡಿದು ಎಳೆದಿಲ್ಲ.”

ಓದಿದೆ. ಮೇಲಿನ ಉತ್ತರ ನಿಜಕ್ಕೂ ಸರಿಯಿತ್ತು. ಕೆಳಗಿನ ಪೆಟ್ಟಿಗೆಯಲ್ಲಿ ನಮ್ಮ ಕ್ಲಿನಿಕ್ಕಿನ ಹೆಸರು. ‘ಹೆದರೋದು ಆಮೇಲೆ, ಮೊದಲು ಬನ್ನಿ. ಮೊದಲ ತಪಾಸಣೆ ಉಚಿತ. ಶುಕ್ರವಾರದ ಸಮಯ ಕಾಯ್ದಿರಿಸಿ.’

“ಹೆದರಿದವರಿಗೆ ಮೇಲೆ ಆಪರೇಷನ್ ಅಂತ ತೋರಿಸಿ, ಕೆಳಗೆ ಉಚಿತ ಅಂತ ತೋರಿಸಿದ್ರೆ ಅವರ ಬೆರಳು ಎಲ್ಲಿಗೆ ಹೋಗುತ್ತೆ ಸರ್? ನಿಮ್ಮ ಬೆರಳು ಎಲ್ಲಿಗೆ ಹೋಗ್ತಿತ್ತು?”

“ನೀವೇ ಅಲ್ವಾ ಪುಸ್ತಕ ಕೊಟ್ಟಿದ್ದು? ಕೆಂಪು ಹಾಕಿರೋರೇ ಬೆಲೆಬಾಳೋ ಗಿರಾಕಿಗಳು ಅಂದ್ಕೊಂಡೆ. ಯಾರು ಅದನ್ನ ಬರೆದ್ರೂ ಕೆಳಗೆ ನಮ್ಮ ಹೆಸರು ಬರಲಿ ಅಂತ ಹೆಚ್ಚು ದುಡ್ಡು ಹಾಕಿ ಆ ಸಾಲುಗಳನ್ನೇ ತಗೊಂಡೆ. ಮಾವ ಪಟ್ಟಿ ನೋಡಿ ಸಹಿ ಮಾಡಿದಾರೆ.”

ನಾನು ಡಾಕ್ಟರ ಕಡೆ ತಿರುಗಿದೆ.

“ನೋಡಿ ಸಹಿ ಮಾಡಿದ್ರಾ?”

“ಅವನಿಗೆ ಗೊತ್ತಿರಲಿಲ್ಲಮ್ಮ...”

“ನಿಮಗೆ ಗೊತ್ತಿತ್ತಲ್ಲ? ಕೂರಿಸಬೇಡ ಅಂತ ನನಗೆ ಹೇಳಿಕೊಟ್ಟವರು ನೀವೇ ತಾನೆ?”

ಅವರು ಕನ್ನಡಕ ತೆಗೆದು ಒರೆಸುತ್ತಾ ನಿಂತರು. ಓದದೆ ಸಹಿ ಮಾಡಿದ್ದರು. ಕ್ಲಿಕ್ಕಪ್ಪ ಮಾತ್ರ ಸುಮ್ಮನಿರಲಿಲ್ಲ. ಆ ಕೆಂಪು ಸಾಲುಗಳನ್ನು ತೆಗೆದುಹಾಕುತ್ತೇನೆ, ಆದರೆ ಹೊರಗೆ ಬಾಯಿ ಬಿಡಬೇಡಿ, ಇಷ್ಟು ವರ್ಷದ ಹೆಸರು ಹಾಳಾಗುತ್ತದೆ ಅಂದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು!

“ಥೂ, ನಿಮ್ಮ ಹೆಸರಿಗಿಷ್ಟು,” ಅಂದೆ. ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಫೋನ್ ತೆಗೆದು ಮೇಜಿನ ಮೇಲೆ ಕುಕ್ಕಿ, ತಂತಿ ಸಿಕ್ಕಿಸಿ, ನನ್ನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟುಬಂದೆ. ಡಾಕ್ಟರು ಹಿಂದಿನಿಂದ ಎರಡು ಸಲ ಕರೆದರು. ತಿರುಗಿ ನೋಡಲಿಲ್ಲ.

ಮೂರು ವಾರ ಬಿಟ್ಟು ತಂಗಿ ಅಂಗಡಿ ತೆರೆದಳು. ನಾನು ಒಂದು ಕಟ್ಟು ಬಿಳಿ ಹಾಳೆ ತೆಗೆದುಕೊಂಡು ಹೋದೆ. ಭೂತಗನ್ನಡಿಯನ್ನು ಎಡಗಣ್ಣಿಗೆ ಸಿಕ್ಕಿಸಿಕೊಳ್ಳಲು ಒದ್ದಾಡುತ್ತಿದ್ದಳು. ಅದು ಜಾರಿ ಜಾರಿ ಮಡಿಲಿಗೆ ಬೀಳುತ್ತಿತ್ತು. ನೋಡಲಾಗಲಿಲ್ಲ.

“ದೂರು ಕೊಡೋಣ ಕಣೇ. ಅವನನ್ನ ಬಿಡಬಾರದು. ನಾನು ಬರೀತೀನಿ, ನೀನು ಸಹಿ ಹಾಕು.”

“ದೊಡ್ಡಾಸ್ಪತ್ರೆಗೆ ಹೋಗು ಅಂತಾನೇ ಇತ್ತು ಅಕ್ಕ ಅದರಲ್ಲಿ,” ಅಂದಳು, ತಲೆ ಎತ್ತದೆ. “ಹೊರಟೂ ಇದ್ದೆ, ಚಪ್ಪಲಿ ಹಾಕ್ಕೊಂಡಿದ್ದೆ. ಅಷ್ಟರಲ್ಲಿ ಕೆಳಗೆ ನಿನ್ನ ಮಾತು ಕಾಣ್ತು. ಹೆದರೋದು ಆಮೇಲೆ ಅಂತ. ಆ ಮಾತು ಜಗತ್ತಲ್ಲಿ ನೀನೊಬ್ಬಳೇ ಆಡೋದು. ನೀನೇ ಕರೆದ ಹಾಗಾಯ್ತು. ನಾಲ್ಕು ದಿನ ತಾನೆ, ಅಕ್ಕನ ಹತ್ರಾನೇ ಹೋಗೋಣ, ಈ ನೆಪದಲ್ಲಾದರೂ ಮಾತು ಶುರುವಾಗಲಿ ಅಂದ್ಕೊಂಡೆ.”

ನನಗೆ ಅಳು ತಡೆಯಲಿಲ್ಲ. ಅತ್ತೆ, ಅಳುತ್ತಲೇ ಅವನಿಗೆ ಬಾಯಿಗೆ ಬಂದಂತೆ ಬೈದೆ. ಅವನ ಕೈ ಸೇದಿಹೋಗಲಿ ಅಂದೆ, ಅವನ ವಂಶ ನಿರ್ವಂಶವಾಗಲಿ ಅಂದೆ. ಪುಸ್ತಕ ಕೊಟ್ಟವಳು ನಾನೇ ಅನ್ನುವುದನ್ನೂ ಹೇಳಿದೆ. ಅದನ್ನೂ ದೂರಿನಲ್ಲಿ ಬರೆಯುತ್ತೇನೆ, ನಾನೇನೂ ಮುಚ್ಚಿಡುವುದಿಲ್ಲ ಅಂದೆ. ಅವಳು ಎಲ್ಲ ಕೇಳಿಸಿಕೊಂಡಳು.

“ಎಲ್ಲಾ ಬರೀತೀಯಾ?”

“ಎಲ್ಲಾ.”

“ನಾನು ಎಷ್ಟು ಹೊತ್ತಿಗೆ ಬಂದೆ, ನೀನು ಎಷ್ಟು ಹೊತ್ತಿಗೆ ಏನಾಯ್ತು ಅಂತ ಕೇಳಿದೆ, ಅದು?”

ನಾನು ಹಾಳೆಯ ಕಟ್ಟನ್ನು ಮೇಜಿನ ಮೇಲಿಟ್ಟೆ.

“ಹತ್ತು ನಲವತ್ತಕ್ಕೆ ಬಂದೆ,” ಅಂದಳು. “ಆಗ ನಿನ್ನ ತಲೆ ಮೇಲಿನ ಗಡಿಯಾರದಲ್ಲಿ ಅಂಕಿಗಳೂ, ಎರಡು ಮುಳ್ಳೂ ಕಾಣ್ತಿದ್ವು. ನೀನು ಮುಖ ತಿರುಗಿಸಿದ್ದೂ ಕಾಣ್ತು. ಪರದೆ ಎಲ್ಲಿವರೆಗೆ ಬಂದಿದೆ ನೋಡೋಣ ಅಂತ ಒಂದು ಕಣ್ಣು ಮುಚ್ಚಿ ನೋಡ್ತಾ ಕೂತೆ. ಹನ್ನೊಂದು ಹೊಡೆದಾಗ ನಿಮಿಷದ ಮುಳ್ಳು ಡೊಂಕಾಯ್ತು. ಹನ್ನೊಂದೂ ಕಾಲಿಗೆ ನಡುವಿನ ತಿರುಪು ಹೋಯ್ತು. ಆಮೇಲೆ ಏನೂ ಕಾಣಲಿಲ್ಲ. ಇನ್ನೊಂದು ಕಣ್ಣು ತೆರೆದು ಟೈಮ್ ನೋಡ್ಕೊಂಡೆ. ನೀನು ಬಂದು ಕೇಳಿದ್ದು ಹನ್ನೊಂದು ಮೂವತ್ತೆರಡಕ್ಕೆ.”

“ಕೂಗಿ ಹೇಳಬಾರದಿತ್ತೇನೇ?”

“ಕೂತ್ಕೊಳ್ಳಿ ಅಂದ್ಯಲ್ಲ.”

ಗೋಡೆಯ ತುಂಬ ಗಡಿಯಾರಗಳು ನಡೆಯುತ್ತಿದ್ದವು. ಅವಳು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು, ಹಾಳೆಯ ಕಟ್ಟನ್ನು ನನ್ನ ಕಡೆ ತಳ್ಳಿ, ಪೆನ್ನು ಕೊಟ್ಟಳು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಕೊಟ್ಟಿದ್ದರೆ ನನಗೂ ತಿರುಗಿ ಬೈಯಲು ಬರುತ್ತಿತ್ತು.

“ಬರಿ,” ಅಂದಳು. “ಮೊದಲು ಅವನದು ಬರಿ. ಆಮೇಲೆ ಡಾಕ್ಟರದು. ಆಮೇಲೆ ಇದು. ಐವತ್ತೆರಡು ನಿಮಿಷ.”

ನಾನು ಮೊದಲು ಅದನ್ನೇ ಬರೆದೆ.